ಸ್ವಲ್ಪ ಅಡ್ಜಸ್ಟ್ ಮಾಡಿ!

ಬೆಳಗಿನ ಹೊತ್ತು. ಶಿವಮೊಗ್ಗೆಯಿಂದ ಹೊರಟ ಭದ್ರಾವತಿಯ ಬಸ್ಸು ತುಂಗೆಯ ಸೇತುವೆಯನ್ನು ದಾಟಿ ವಿದ್ಯಾನಗರದಲ್ಲಿ ನಿಲ್ಲುವ ವೇಳೆಗೆ ಆಸನಗಳೆಲ್ಲ ಭರ್ತಿಯಾಗಿರುತ್ತವೆ. ಕಂಕುಳಲ್ಲಿ ಮಗುವನ್ನೆತ್ತಿಕೊಂಡ ಗೃಹಿಣಿಯೊಬ್ಬಳು ಹತ್ತುತ್ತಾಳೆ. ಮೂವರು ಕುಳಿತಿರುವ ಆಸನದತ್ತ ನೋಡಿ, “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರೀ” ಎನ್ನುತ್ತಾಳೆ. ಕುಳಿತವರು ಅತ್ತ ಒಂದಂಗುಲ, ಇತ್ತ ಒಂದಂಗುಲ ಸರಿಯುತ್ತಾರೆ. ಇಲ್ಲದ ಸ್ಥಳ ಎಲ್ಲಿಂದಲೋ ಹುಟ್ಟಿಬರುತ್ತದೆ!

ಇದೇ ಮಾತನ್ನು ಲಂಡನ್ನಿನ ಬಸ್ಸಿನಲ್ಲಿ ಆಡಿದರೆ, “ಏನನ್ನು ಅಡ್ಜಸ್ಟ್ ಮಾಡಬೇಕು?” ಎಂಬ ಮರುಪ್ರಶ್ನೆ ಬಂದೀತು. ಇಂಗ್ಲಿಷರಿಗೆ ಈ ಕ್ರಿಯಾಪದ ಮುಖ್ಯವಾಗಿ ವಸ್ತುಗಳಿಗೆ ಸಂಬಂಧಿಸಿದ್ದು. ಗಡಿಯಾರದ ಮುಳ್ಳು, ಮೂಗಿನ ಮೇಲಿನ ಕನ್ನಡಕ, ಯಂತ್ರದ ತಿರುಪು, ಲೆಕ್ಕದ ಪುಸ್ತಕ, ಇವುಗಳನ್ನು ಕೊಂಚ ಅತ್ತಿತ್ತ ಮಾಡಿ ಸರಿಹೊಂದಿಸುವುದೇ ಅದರ ಅರ್ಥ. ಈ ಬಸ್ಸು ಹೋಗಿ ಸೇರುವ ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯಂಥ ಕಡೆ, ಯಂತ್ರ ಬಲ್ಲವರಿಗೆ ಪರಿಚಿತವಾದ ಅರ್ಥವೂ ಇದೇ. ಹೊಸ ಊರಿಗೆ, ಹೊಸ ಕೆಲಸಕ್ಕೆ ಮನುಷ್ಯ ಹೊಂದಿಕೊಳ್ಳುವುದನ್ನೂ ಇಂಗ್ಲಿಷಿನಲ್ಲಿ ಹೀಗೆ ಹೇಳುವುದುಂಟು; ಆಸನದಲ್ಲಿ ಸರಿದು ಕೂರುವುದನ್ನಲ್ಲ.

ಕನ್ನಡವಾದರೋ ಈ ಪದಕ್ಕೆ ‘ಮಾಡು’ ಎಂಬ ಬಾಲವನ್ನು ಅಂಟಿಸಿ ತನ್ನದಾಗಿಸಿಕೊಂಡಿತು. ಅದಕ್ಕೆ ‘ಕೊಳ್ಳು’ ಸೇರಿದೊಡನೆ ಕ್ರಿಯೆ ಮಾಡುವವನ ಕಡೆಗೇ ತಿರುಗಿತು. ಸರಿಹೊಂದಬೇಕಾದುದು ವಸ್ತುವಲ್ಲ, ಮನುಷ್ಯನೇ! ತಿಂಗಳ ಕೊನೆಯಲ್ಲಿ “ಐನೂರು ರೂಪಾಯಿ ಅಡ್ಜಸ್ಟ್ ಮಾಡ್ತೀರಾ?” ಎಂದರೆ ಅದು ಕೈಸಾಲದ ಕೋರಿಕೆ. ಚುನಾವಣೆಯ ಕಾಲದಲ್ಲಿ ‘ಅಡ್ಜಸ್ಟ್‌ಮೆಂಟ್’ ಎಂದರೆ ಎದುರಾಳಿಗಳ ಒಳ ಒಪ್ಪಂದ.

ಈ ಪದದ ಜನ್ಮವೃತ್ತಾಂತ ಇನ್ನೂ ಸ್ವಾರಸ್ಯಕರವಾದುದು. ಲ್ಯಾಟಿನ್ ಭಾಷೆಯಲ್ಲಿ ‘ಯುಕ್ಸ್ತಾ’ ಎಂದರೆ ಹತ್ತಿರ. ‘ಅದ್’ ಎಂದರೆ ಕಡೆಗೆ. ಇವೆರಡೂ ಕೂಡಿ ‘ಹತ್ತಿರಕ್ಕೆ ತರು’ ಎಂಬರ್ಥದ ಕ್ರಿಯಾಪದವಾಯಿತು. ಹಳೆಯ ಫ್ರೆಂಚಿನಲ್ಲಿ ಅದೇ ‘ಕೂಡಿಸು’ ಎಂದಾಯಿತು. ಮುಂದೆ ಜನ ಅದನ್ನು ‘ನ್ಯಾಯವಾದ, ಸರಿಯಾದ’ ಎಂಬರ್ಥದ ‘ಯುಸ್ತುಸ್’ ಪದದ ಬಳಗವೆಂದು ಭ್ರಮಿಸಿದರು. ಹಾಗಾಗಿ ‘ಸರಿಪಡಿಸು’ ಎಂಬ ಅರ್ಥ ಬಂದು ಸೇರಿತು. ಆ ವೇಷದಲ್ಲೇ ಪದ ಇಂಗ್ಲಿಷಿನಲ್ಲಿ ನೆಲೆಯೂರಿತು. ಅಂದಮೇಲೆ, ಒತ್ತಿ ಹತ್ತಿರ ಕುಳಿತು ಜಾಗ ಕೊಡುವ ನಮ್ಮ ಬಸ್ಸಿನ ಅಡ್ಜಸ್ಟು, ಇಂಗ್ಲಿಷರು ಮರೆತ ಮೂಲಾರ್ಥಕ್ಕೇ ತನಗರಿವಿಲ್ಲದೆ ಮರಳಿದೆ!

ಇದೇ ‘ಯುಕ್ಸ್ತಾ’ದಿಂದ ಇಂಗ್ಲಿಷಿಗೆ ‘ಜೌಸ್ಟ್’ ಎಂಬ ಇನ್ನೊಂದು ಪದವೂ ಬಂದಿದೆ. ಯೂರೋಪಿನ ವೀರರು ಕುದುರೆಯೇರಿ, ಈಟಿ ಹಿಡಿದು ಎದುರುಬದುರಾಗಿ ನುಗ್ಗಿ ಸೆಣಸುವ ಕಾಳಗಕ್ಕೆ ಆ ಹೆಸರು. ಹತ್ತಿರ ಬಂದವರು ಕೂಡಿಯೂ ಬಾಳಬಹುದು, ಕಾದಾಡಲೂಬಹುದು ಎಂಬುದಕ್ಕೆ ಈ ಒಡಹುಟ್ಟಿದ ಪದಗಳೇ ಸಾಕ್ಷಿ.

ಬಸ್ಸಿನಿಂದಿಳಿದು ಮನೆಗೆ ಬಂದರೆ ಈ ಪದದ ಮತ್ತೊಂದು ಮುಖ ಕಾಣುತ್ತದೆ. “ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮಾ” ಎಂಬ ಬುದ್ಧಿವಾದವನ್ನು ಕೇಳದ ಸೊಸೆ ನಮ್ಮಲ್ಲಿ ವಿರಳ. ಈ ಮಾತು ಹಳೆಯ ‘ಅನುಸರಿಸಿಕೊಂಡು ಹೋಗು’ ಎಂಬುದರ ಹೊಸ ಉಡುಪು. ಅನುಸರಿಸುವುದೆಂದರೆ ಒಬ್ಬರ ಹಿಂದೆ ಇನ್ನೊಬ್ಬರು ನಡೆಯುವುದು. ಹತ್ತಿರ ಬರುವುದೆಂದರೆ ಇಬ್ಬರೂ ಒಂದೊಂದು ಹೆಜ್ಜೆ ಇಡುವುದು. ಬಸ್ಸಿನಲ್ಲಿ ಒಬ್ಬರೇ ಸರಿಯುತ್ತ ಹೋದರೆ ಕೊನೆಗೆ ಆಸನದಿಂದ ಕೆಳಗೆ ಬೀಳುವವರೂ ಅವರೇ. ಆ ಪ್ರಯಾಣವಾದರೂ ಭದ್ರಾವತಿಯಲ್ಲಿ ಮುಗಿಯುತ್ತದೆ. ಸಂಸಾರಕ್ಕೆ ಅಂಥ ನಿಲ್ದಾಣವಿಲ್ಲ.

ವಿದ್ಯಾನಗರದಲ್ಲಿ ಹತ್ತಿದ ಆ ಗೃಹಿಣಿಗಾಗಿ ಮೂವರೂ ಒಂದೊಂದಂಗುಲ ಸರಿದರು. ಮನೆಯಲ್ಲಿ ಅವಳಿಗಾಗಿ ಸರಿಯುವವರು ಎಷ್ಟು ಮಂದಿ?