ದಡದ ಬಲೆ, ದಡಕ್ಕೆ ಬಾರದ ಮೀನು

ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಮೀನು ಹಿಡಿಯುವುದು ಒಬ್ಬಿಬ್ಬರ ಕೆಲಸ. ಕೆರೆಯ ಏರಿಯ ಮೇಲೆ ಕುಳಿತು ಗಾಳ ಹಾಕುವವರುಂಟು. ಮಲಪ್ರಭೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಬೀಸುಬಲೆ ಎಸೆಯುವವರುಂಟು. ಇದೇ ಸೀಮೆಯಿಂದ ಹೊರಟು ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಅಂಕೋಲೆಯ ಕಡಲು ಮುಟ್ಟಿದರೆ ನೋಟವೇ ಬೇರೆ. ತೆರೆಗಳು ಬಂದು ಅಪ್ಪಳಿಸುವ ಅಲ್ಲಿನ ಬಯಲು ಮರಳ ದಂಡೆಯಲ್ಲಿ ನಿಂತು ಮೀನು ಹಿಡಿಯಲು ಒಂದು ಕಾಲಕ್ಕೆ ನೂರು ಜನ ಬೇಕಾಗುತ್ತಿತ್ತು. ಆ ಬಲೆಯ ಹೆಸರು ರಂಪಣಿ.

ತೆರೆ ಒಡೆಯುವಲ್ಲಿ

ಆಳದ ನೀರಿನಲ್ಲಿ ತೆರೆ ಸದ್ದಿಲ್ಲದೆ ಸಾಗುತ್ತದೆ. ದಂಡೆ ಸಮೀಪಿಸಿ ಆಳ ಕಡಿಮೆಯಾದಂತೆ ಅದರ ವೇಗ ತಗ್ಗಿ ಎತ್ತರ ಹೆಚ್ಚುತ್ತದೆ. ಕೊನೆಗೆ ತಲೆ ಮುಂದಕ್ಕೆ ಬಾಗಿ ಒಡೆಯುತ್ತದೆ. ಒಡೆದ ತೆರೆ ತಳದ ಮರಳನ್ನು ಕಲಕಿದಾಗ ಅದರೊಳಗಿನ ಹುಳು, ಸಣ್ಣ ಸಿಗಡಿ, ಚಿಪ್ಪುಜೀವಿಗಳು ಹೊರಬೀಳುತ್ತವೆ. ಅವುಗಳನ್ನರಸಿ ಮೀನು ನೊರೆಯ ಅಂಚಿನವರೆಗೂ ಬರುತ್ತದೆ. ಕಾಣೆ ಮೀನಂತೂ ಮರಳ ತಳದಲ್ಲೇ ಬದುಕುವಂಥದು. ಅಪಾಯ ಕಂಡರೆ ಮರಳಲ್ಲೇ ಹುದುಗಿಕೊಳ್ಳುತ್ತದೆ. ಗಾಳ, ಬೀಸುಬಲೆ ಹಿಡಿದು ದಂಡೆಯಲ್ಲಿ ನಿಲ್ಲುವವರು ಕಾಯುವುದು ಇಂಥ ಮೀನಿಗೆ.

ರಂಪಣಿಯವರು ಕಾಯುತ್ತಿದ್ದುದು ಹಿಂಡುಹಿಂಡಾಗಿ ಬರುವ ಬಂಗಡೆ ಮತ್ತು ತಾರ್ಲೆಗೆ. ಮಂಗಳೂರಿನ ಕಡೆ ತಾರ್ಲೆಯನ್ನು ಬೂತಾಯಿ ಎನ್ನುತ್ತಾರೆ. ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ಆಳದ ತಣ್ಣನೆಯ ನೀರು ಮೇಲಕ್ಕೆ ಬರುತ್ತದೆ. ಅದರೊಂದಿಗೆ ಬಂದ ಲವಣಗಳನ್ನುಂಡು ಕಣ್ಣಿಗೆ ಕಾಣದಷ್ಟು ಸಣ್ಣ ಜಲಸಸ್ಯಗಳೂ, ಅವುಗಳನ್ನು ತಿನ್ನುವ ಸೂಕ್ಷ್ಮಜೀವಿಗಳೂ ಹುಲುಸಾಗಿ ಬೆಳೆಯುತ್ತವೆ. ಮಳೆ ತಗ್ಗಿ ಕಡಲು ಶಾಂತವಾದಾಗ ಈ ಮೇವಿಗಾಗಿ ಮೀನಿನ ಹಿಂಡು ದಂಡೆಯತ್ತ ತಿರುಗುತ್ತದೆ. ನರಗುಂದದ ಎರೆಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ ಬಿತ್ತುವ ಹೊತ್ತಿಗೆ ಕಾರವಾರದ ದಂಡೆಯಲ್ಲಿ ರಂಪಣಿಯ ಸುಗ್ಗಿ ಆರಂಭವಾಗುತ್ತಿತ್ತು.

ನೂರು ಕೈಗಳ ಬಲೆ

ಪೂರ್ಣ ಪ್ರಮಾಣದ ರಂಪಣಿ ಸುಮಾರು 1 ಕಿಲೋಮೀಟರ್ ಉದ್ದ. ಕೆಲವು ಅದಕ್ಕಿಂತಲೂ ದೊಡ್ಡವು. ನೂರಾರು ತುಂಡು ಬಲೆಗಳನ್ನು ಜೋಡಿಸಿ ಅದನ್ನು ಕಟ್ಟುತ್ತಿದ್ದರು. ಮೇಲಂಚಿಗೆ ತೇಲುಬೆಂಡು, ಕೆಳಅಂಚಿಗೆ ಭಾರ. ಕೆಳಅಂಚು ನೆಲಕ್ಕೆ ತಾಗಿಯೇ ಬರಬೇಕು, ಇಲ್ಲವಾದರೆ ಮೀನು ಅಡಿಯಿಂದ ನುಸುಳುತ್ತದೆ. ಆದ್ದರಿಂದಲೇ ರಂಪಣಿಗೆ ಬಂಡೆಗಳಿಲ್ಲದ ಮರಳ ದಂಡೆ ಬೇಕು. ಕಲ್ಲಿಗೆ ಸಿಕ್ಕರೆ ಬಲೆ ಹರಿಯಿತೆಂದೇ ಲೆಕ್ಕ.

ನೀರಿನ ಬಣ್ಣ, ಅದರ ಮೇಲಿನ ಕದಡು, ಎರಗುವ ಹಕ್ಕಿಗಳನ್ನು ನೋಡಿ ಅನುಭವಿಗಳು ಹಿಂಡಿನ ಸುಳಿವು ಹಿಡಿಯುತ್ತಿದ್ದರು. ಕೂಗು ಬಿದ್ದೊಡನೆ ದೋಣಿ ಹೊರಡಬೇಕು. ಕಷ್ಟದ ಘಳಿಗೆ ಇದೇ. ದೊಡ್ಡ ತೆರೆಗಳು ಸಾಲಾಗಿ ಬಂದುಹೋದ ಮೇಲೆ ಸಿಗುವ ಸಣ್ಣ ಬಿಡುವಿನಲ್ಲಿ, ಮೂತಿಯನ್ನು ತೆರೆಗೆ ನೇರವಾಗಿಟ್ಟು ದೋಣಿಯನ್ನು ನೂಕಬೇಕು. ಅಡ್ಡ ತಿರುಗಿದರೆ ಮಗುಚುತ್ತದೆ. ಬಲೆಯ ಒಂದು ಹಗ್ಗ ದಡದವರ ಕೈಯಲ್ಲೇ ಉಳಿಯುತ್ತದೆ. ದೋಣಿ ಬಲೆ ಬಿಡುತ್ತ ಹಿಂಡನ್ನು ಸುತ್ತುವರಿದು, ಅರ್ಧಚಂದ್ರಾಕಾರವಾಗಿ ತಿರುಗಿ, ದೂರದ ಇನ್ನೊಂದೆಡೆ ದಡ ಸೇರುತ್ತದೆ. ಆಮೇಲೆ ಎರಡು ಗುಂಪುಗಳು ಎರಡು ತುದಿಗಳನ್ನು ತಾಳಕ್ಕೆ ತಕ್ಕಂತೆ ಕೂಗುತ್ತ ಎಳೆಯುತ್ತವೆ. ಎಳೆದಂತೆಲ್ಲ ಗುಂಪುಗಳು ಪರಸ್ಪರ ಹತ್ತಿರವಾಗುತ್ತವೆ. ಇದು ತಾಸುಗಟ್ಟಲೆಯ ದುಡಿಮೆ, 80ರಿಂದ 100 ಜನರ ಬಲ. ಮೀನು ವಿಪರೀತ ಬಿದ್ದರೆ ಬಲೆಯನ್ನು ನೀರಲ್ಲೇ ಕಟ್ಟಿಟ್ಟು, ಮಾರಾಟವಾದಷ್ಟನ್ನೇ ದಿನವೂ ತೆಗೆಯುತ್ತಿದ್ದುದೂ ಉಂಟು.

ಮೊಗವೀರ, ಖಾರ್ವಿ, ಹರಿಕಂತ್ರ, ಅಂಬಿಗ ಮುಂತಾದ ಸಮುದಾಯಗಳ ಕೇರಿಗಳು ಈ ಬಲೆಯ ಸುತ್ತ ಬದುಕು ಕಟ್ಟಿಕೊಂಡಿದ್ದವು. ದಕ್ಷಿಣದ ಕಡೆ ಹಲವು ಮನೆಗಳವರು ಕೂಡಿ ‘ರಂಪಣಿ ಕಂಪನಿ’ ನಡೆಸುತ್ತಿದ್ದರು. ಮೀನು ಮಾರಿದ ಹಣದಲ್ಲಿ ಬಲೆ ಮತ್ತು ದೋಣಿಗೆ ಒಂದು ಪಾಲು, ಉಳಿದದ್ದು ಎಳೆದವರಿಗೆ. ಎಲ್ಲೆಡೆಯೂ ಸಮಪಾಲಿತ್ತೆಂದಲ್ಲ, ಬಲೆಯ ಒಡೆಯನ ಕೈ ಮೇಲಾಗಿಯೇ ಇರುತ್ತಿತ್ತು. ಆದರೂ ಹಗ್ಗಕ್ಕೆ ಕೈ ಹಚ್ಚಿದವನು ಬರಿಗೈಯಲ್ಲಿ ಮರಳುತ್ತಿರಲಿಲ್ಲ. ಮೀನು ಆಯುವ, ಉಪ್ಪು ಹಾಕಿ ಒಣಗಿಸುವ, ಬುಟ್ಟಿ ಹೊತ್ತು ಮಾರುವ ಹೆಂಗಸರಿಗೂ ಕೆಲಸ ದಂಡೆಯಲ್ಲೇ ಸಿಗುತ್ತಿತ್ತು. ಉಳಿದ ತಾರ್ಲೆ ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು.

ನಡುವೆಯೇ ತಡೆ

ರಂಪಣಿಯ ಬಲವೂ ದೌರ್ಬಲ್ಯವೂ ಒಂದೇ: ಅದು ಮೀನನ್ನು ಬೆನ್ನಟ್ಟುವುದಿಲ್ಲ, ದಂಡೆಗೆ ಬಂದದ್ದನ್ನಷ್ಟೇ ಹಿಡಿಯುತ್ತದೆ. 1970ರ ದಶಕದ ಮಧ್ಯದಲ್ಲಿ ಮಂಗಳೂರಿನ ಕಡೆಯಿಂದ ಪರ್ಸೀನ್ ದೋಣಿಗಳು ಕಡಲಿಗಿಳಿದವು. ಎಂಜಿನ್ ಇರುವ ಈ ದೋಣಿ ಆಳದ ನೀರಿನಲ್ಲೇ ಹಿಂಡನ್ನು ಸುತ್ತುವರಿಯುತ್ತದೆ. ಬಲೆಯ ಕೆಳಅಂಚಿನ ಬಳೆಗಳಲ್ಲಿ ಓಡುವ ಹಗ್ಗವನ್ನು ಎಳೆದರೆ, ಸಂಚಿಯ ದಾರ ಎಳೆದಂತೆ ತಳವೇ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಮರಳೂ ಬೇಡ, ದಂಡೆಯೂ ಬೇಡ, ನೂರು ಜನರೂ ಬೇಡ.

ಬಂಗಡೆ, ತಾರ್ಲೆಗಳ ಇಳುವರಿ ಮೊದಲಿನಿಂದಲೂ ವರ್ಷದಿಂದ ವರ್ಷಕ್ಕೆ ಏರಿಳಿಯುವಂಥದ್ದು. ಆದರೆ ಹಿಂಡು ದಂಡೆ ತಲುಪುವ ಮೊದಲೇ ಬೇರೆಯವರ ಬಲೆ ಸೇರತೊಡಗಿದಾಗ, ಒಳ್ಳೆಯ ವರ್ಷದಲ್ಲೂ ರಂಪಣಿಗೆ ಪಾಲಿಲ್ಲದಾಯಿತು. ಸಾಂಪ್ರದಾಯಿಕ ಮೀನುಗಾರರು ಪ್ರತಿಭಟಿಸಿದರು. ನೆರೆಯ ಗೋವಾದಲ್ಲೂ ಇದೇ ಬಲೆ ಎಳೆಯುವ ರಾಂಪಣಕಾರರು 1970ರ ದಶಕದ ಕೊನೆಯಲ್ಲಿ ದೊಡ್ಡ ಚಳವಳಿ ಹೂಡಿದರು. ಅಲ್ಲಿ 1980ರಲ್ಲಿ, ಕರ್ನಾಟಕದಲ್ಲಿ 1986ರಲ್ಲಿ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಗಳು ಬಂದವು. ದಂಡೆಗೆ ಹತ್ತಿರದ ನೀರಿನಲ್ಲಿ ಯಂತ್ರದೋಣಿಗಳನ್ನು ತಡೆಯುವ ಅಧಿಕಾರ ಸರಕಾರಕ್ಕೆ ಸಿಕ್ಕಿತು. ಆದರೆ ಗೆರೆಯ ಆಚೆಗೇ ಹಿಂಡು ಸಿಕ್ಕಿಬಿದ್ದರೆ ಈಚೆಗೆ ಬರುವುದೇನು? ರಂಪಣಿಗಳು ಒಂದೊಂದಾಗಿ ಮೂಲೆ ಸೇರಿದವು. ಎಳೆಯುತ್ತಿದ್ದ ಅನೇಕರು ಯಂತ್ರದೋಣಿಗಳಲ್ಲಿ ಕೂಲಿಗೆ ನಿಂತರು.

ಈ ಸಂಕಟ ಬಯಲುಸೀಮೆಯ ರೈತನಿಗೆ ಹೊಸದೇನಲ್ಲ. ಮಲಪ್ರಭಾ ಕಾಲುವೆಯ ಕೊನೆಯ ಅಂಚಿನ ಹೊಲದವನು ತೂಬಿನತ್ತ ನೋಡುತ್ತ ಕುಳಿತಿದ್ದನ್ನು ನರಗುಂದ, ರೋಣದ ಜನ ಕಂಡಿದ್ದಾರೆ. ಮೇಲಿನವರು ಹೀರಿಕೊಂಡ ಮೇಲೆ ಕೆಳಗಿನವನಿಗೆ ಒಣ ಕಾಲುವೆ. ನೀರು ಸರಿಯಾಗಿ ತಲುಪದ ಹೊಲಗಳಿಗೂ ಅಭಿವೃದ್ಧಿ ಕರ ಬಂದಾಗ 1980ರ ಜುಲೈನಲ್ಲಿ ಈ ಸೀಮೆ ಬಂಡೆದ್ದಿತು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಘಟ್ಟದ ಕೆಳಗಿನ ರಂಪಣಿಗಾರನೂ ಕಡಲಿನ ಕೊನೆಯ ಅಂಚಿನಲ್ಲಿ ನಿಂತು ಅದೇ ಪ್ರಶ್ನೆ ಕೇಳುತ್ತಿದ್ದ.

ಉಳಿದಿರುವ ಮರಳು

ಇಂದು ಕರಾವಳಿಯಲ್ಲಿ ಕೈರಂಪಣಿಯಂಥ ಚಿಕ್ಕ ದಡಬಲೆಗಳು ಉಳಿದಿವೆ. ದೊಡ್ಡ ಎಳೆತ ಅಪರೂಪ. ಯಂತ್ರದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ಪ್ರಖರ ದೀಪ ಬೆಳಗಿಸಿ ಮೀನು ಸೆಳೆಯುವುದನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿತು.

ಮೀನಿನ ಜೊತೆಗೆ ದಂಡೆಯೂ ಕಿರಿದಾಗುತ್ತಿದೆ. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಮತ್ತು ಅಂಕೋಲೆಯ ನಡುವಿನ ದಂಡೆಯ ಊರುಗಳು ತೆರವಾದವು. 2020ರ ಜನವರಿಯಲ್ಲಿ ಕಾರವಾರದ ವಾಣಿಜ್ಯ ಬಂದರಿನ ವಿಸ್ತರಣೆಯ ವಿರುದ್ಧ ಮೀನುಗಾರರು ಬೀದಿಗಿಳಿದಾಗ ಅವರ ಅಳಲು ಪಟ್ಟಣದ ಕಡಲತೀರ ಉಳಿಯಬೇಕೆಂಬುದೇ ಆಗಿತ್ತು. ನೋಡುವವರಿಗೆ ಅದು ಖಾಲಿ ಮರಳು. ಬಲೆ ಎಳೆಯುವವನಿಗೆ ಅದೇ ಹೊಲ, ಅದೇ ಕಣ. ಬೆಳೆ ಯಾವ ವರ್ಷ ಬರುತ್ತದೋ ಹೇಳಲಾಗದು. ಆದರೆ ಕಣವೇ ಹೋದರೆ ಬಂದ ಬೆಳೆಯನ್ನೂ ರಾಶಿ ಮಾಡಲಾಗದು.