ಡಿಸ್ಕ್ ತುಂಬುವ ‘ಸಿಸ್ಟಮ್ ರಿಸ್ಟೋರ್’

ನೀವು ಹೊಸದೇನನ್ನೂ ಉಳಿಸದಿದ್ದರೂ ಗಣಕದ ಡಿಸ್ಕ್ ತುಂಬುತ್ತಿದೆಯೇ? ವಿಂಡೋಸ್‌ನ ‘ಸಿಸ್ಟಮ್ ರಿಸ್ಟೋರ್’ ಅದಕ್ಕೊಂದು ಕಾರಣವಿರಬಹುದು. 2000ದಲ್ಲಿ ವಿಂಡೋಸ್ ಎಂಇ ಜೊತೆ ಬಂದ ಈ ಸೌಲಭ್ಯ, ಹೊಸ ಡ್ರೈವರ್‌ನಂತಹ ಬದಲಾವಣೆಗೆ ಮೊದಲು ವ್ಯವಸ್ಥೆಯ ಸ್ಥಿತಿಯನ್ನು ದಾಖಲಿಸಿಡುತ್ತದೆ. ತೊಂದರೆಯಾದರೆ ಗಣಕವನ್ನು ಆ ಸ್ಥಿತಿಗೆ ಮರಳಿಸಬಹುದು.

ದಾಖಲೆಗಳು ನಿಗದಿತ ಮಿತಿ ಮುಟ್ಟಿದಾಗ ಹಳೆಯವು ತಾವಾಗಿಯೇ ಅಳಿಯುತ್ತವೆ. ಈ ಮಿತಿಯನ್ನು ನೀವೇ ತಗ್ಗಿಸಬಹುದು. ವಿಂಡೋಸ್ 10 ಮತ್ತು 11ರಲ್ಲಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಎಂದು ಹುಡುಕಿ ತೆರೆಯಿರಿ. ಸಿ ಡ್ರೈವ್ ಆಯ್ದು ‘ಕಾನ್ಫಿಗರ್’ ಒತ್ತಿ. ‘ಮ್ಯಾಕ್ಸ್ ಯೂಸೇಜ್’ ಗುಂಡಿಯನ್ನು ಎಡಕ್ಕೆ ಸರಿಸಿ. ಅಲ್ಲಿರುವ ‘ಡಿಲೀಟ್’ ಒತ್ತಿದರೆ ಆ ಡ್ರೈವ್‌ನ ಎಲ್ಲ ದಾಖಲೆಗಳೂ ಹೋಗುತ್ತವೆ; ಎಚ್ಚರ. ಸೌಲಭ್ಯವನ್ನೇ ನಿಲ್ಲಿಸುವುದೂ ಬೇಡ.

ಒಂದು ಮಾತು ನೆನಪಿಡಿ. ಅಳಿಸಿಹೋದ ಅಂಕಪಟ್ಟಿ, ಪ್ರಬಂಧಗಳನ್ನು ಸಿಸ್ಟಮ್ ರಿಸ್ಟೋರ್ ಮರಳಿಸದು. ಅವುಗಳ ಪ್ರತಿ ಬೇರೆ ಡಿಸ್ಕ್‌ನಲ್ಲಿರಲಿ.