ಎಂಸಿಬಿ ಬೀಳಲಿಲ್ಲ ಅಂದ್ರೆ ಎಲ್ಲ ಸರಿ ಇದೆ ಅಂತಲ್ಲ

ಸೆಕೆಂಡ್ ಇಯರ್‌ಗೆ ಬಂದ ಮೇಲೆ ಹಾಸ್ಟೆಲ್ ಬಿಟ್ಟು, ಮೂರ್ನಾಲ್ಕು ಜನ ಸೇರಿ ಕಾಲೇಜ್ ಹತ್ರಾನೇ ಮನೆ ಮಾಡೋದು ನಮ್ಮಲ್ಲಿ ರೂಢಿ. ಮನೆ ನೋಡೋಕೆ ಹೋದಾಗ ನಾವು ಏನೇನು ಕೇಳ್ತೀವಿ? ನೀರು ದಿನಾ ಬರುತ್ತಾ, ವೈಫೈ ಹಾಕಿಸ್ಕೋಬಹುದಾ, ರಾತ್ರಿ ಗೇಟ್ ಎಷ್ಟು ಹೊತ್ತಿಗೆ ಬೀಗ, ಅಡ್ವಾನ್ಸ್ ಎಷ್ಟು. ವೈರಿಂಗ್ ಬಗ್ಗೆ ಯಾರೂ ಕೇಳಲ್ಲ. ಸ್ವಿಚ್ ಹಾಕಿದ್ವಿ, ಲೈಟ್ ಹತ್ತಿತು, ಫ್ಯಾನ್ ತಿರುಗಿತು, ಮುಗೀತು.

ಆದ್ರೆ ಲೈಟ್ ಹತ್ತೋಕೆ ಫೇಸ್ ಮತ್ತು ನ್ಯೂಟ್ರಲ್ ಎರಡೇ ತಂತಿ ಸಾಕು. ಮೂರನೆಯದು, ಅಂದ್ರೆ ಅರ್ಥ್, ಇಲ್ಲದಿದ್ರೂ ಗೀಸರ್ ನೀರು ಕಾಯಿಸುತ್ತೆ, ಫ್ರಿಡ್ಜ್ ತಣ್ಣಗಿರುತ್ತೆ, ಲ್ಯಾಪ್‌ಟಾಪ್ ಚಾರ್ಜ್ ಆಗುತ್ತೆ. ಇಲ್ಲ ಅನ್ನೋದೇ ಗೊತ್ತಾಗದ ವಸ್ತು ಅದು. ಬೇಸಿಕ್ ಎಲೆಕ್ಟ್ರಿಕಲ್‌ನಲ್ಲಿ ನಾವೆಲ್ಲ ಪೈಪ್ ಅರ್ಥಿಂಗ್ ಚಿತ್ರ ಬರೆದವರೇ: ನೆಲದಲ್ಲಿ ಹೂತ ಜಿಐ ಪೈಪು, ಸುತ್ತ ಉಪ್ಪು ಮತ್ತು ಇದ್ದಿಲು, ಮೇಲೆ ನೀರು ಹುಯ್ಯೋಕೆ ಒಂದು ಆಲಿಕೆ. ಆ ಚಿತ್ರ ನಾವು ಸ್ನಾನ ಮಾಡೋ ಬಾತ್‌ರೂಮ್‌ಗೂ ಸಂಬಂಧಪಟ್ಟದ್ದು ಅಂತ ಕ್ಲಾಸಲ್ಲಿ ಅನ್ನಿಸಿರಲಿಲ್ಲ.

ನಾವು ನಾಲ್ವರು ಇರೋ ಮನೇಲಿ ಹೋದ ಸೆಮ್ ಶುರುವಾದಾಗ ಬಾತ್‌ರೂಮ್ ನಲ್ಲಿ ಮುಟ್ಟಿದ್ರೆ ಬೆರಳು ಜುಮ್ ಅಂತಿತ್ತು. ಗೀಸರ್ ಆನ್ ಇದ್ದಾಗ ಮಾತ್ರ. ಓನರ್‌ಗೆ ಹೇಳಿದ್ವಿ, ಅವರು ಒಬ್ಬ ಎಲೆಕ್ಟ್ರಿಷಿಯನ್‌ನ ಕಳಿಸಿದ್ರು. ಅವರು ಬಂದು ಡಿಬಿ ಬಾಕ್ಸ್ ತೆಗೆದು ನೋಡಿ, "ಎಂಸಿಬಿ ಏನೂ ಬಿದ್ದಿಲ್ವಲ್ಲಪ್ಪಾ, ಲೈನ್ ಕರೆಕ್ಟಾಗೇ ಇದೆ. ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಿ" ಅಂದು ಇನ್ನೂರು ರೂಪಾಯಿ ತಗೊಂಡು ಹೋದ್ರು. ಆಮೇಲೆ ನಾವೇ ಕೇಳಿಕೊಂಡು ಹೋಗಿ ಕರೆತಂದ ಇನ್ನೊಬ್ಬ ಅಣ್ಣ ಮೊದಲು ಮಾಡಿದ ಕೆಲಸ ಮೇನ್ ಆಫ್ ಮಾಡಿ ಗೀಸರ್ ಸಾಕೆಟ್ ಬಿಚ್ಚಿದ್ದು. ಒಳಗೆ ಹಸಿರು ತಂತಿ ಇತ್ತು. ಸುರುಳಿ ಸುತ್ತಿ, ತುದಿಗೆ ಟೇಪ್ ಹಾಕಿ, ಗೋಡೆಯೊಳಗೆ ತುರುಕಿದ್ರು. ಸಾಕೆಟ್‌ನ ಮೇಲಿನ ದೊಡ್ಡ ತೂತಿಗೆ ಏನೂ ಕನೆಕ್ಟ್ ಆಗಿರಲಿಲ್ಲ.

ಮೊದಲು ಬಂದವರು ಸುಳ್ಳೇನೂ ಹೇಳಲಿಲ್ಲ. ಎಂಸಿಬಿ ನಿಜವಾಗಿಯೂ ಬಿದ್ದಿರಲಿಲ್ಲ. ಅದು ಬೀಳೋದೂ ಇಲ್ಲ. ಯಾಕೆ ಅಂತ ಲೆಕ್ಕ ಹಾಕೋಣ, ಹೆಂಗೂ ಇಂಜಿನಿಯರಿಂಗ್ ಓದ್ತಿದ್ದೀವಲ್ಲ.

ನಮ್ಮ ಸಪ್ಲೈ 230 ವೋಲ್ಟ್. ಒದ್ದೆ ಮೈಯ ರೆಸಿಸ್ಟೆನ್ಸ್ ಸಾವಿರ ಓಮ್ ಆಸುಪಾಸಿಗೆ ಇಳಿಯಬಹುದು. ಆಗ ಮೈಯೊಳಗೆ ಹರಿಯೋ ಕರೆಂಟ್ 230 ಮಿಲಿಆಂಪ್, ಅಂದ್ರೆ 0.23 ಆಂಪ್. ಜೀವ ತೆಗೆಯೋಕೆ ಅದು ಬೇಕಾದ್ದಕ್ಕಿಂತ ಜಾಸ್ತಿ. ಆದ್ರೆ 20 ಆಂಪ್ ಎಂಸಿಬಿಗೆ 0.23 ಆಂಪ್ ಏನು ಮಹಾ? 230ನ್ನು 0.23ರಿಂದ ಗುಣಿಸಿ, ಸುಮಾರು 53 ವ್ಯಾಟ್ ಬರುತ್ತೆ. ಅಂದ್ರೆ ಕರೆಂಟ್ ಹೊಡೀತಿರೋ ಒಬ್ಬ ಮನುಷ್ಯ ಎಂಸಿಬಿ ಕಣ್ಣಿಗೆ ಇನ್ನೊಂದು ಬಲ್ಬ್ ಹತ್ತಿಕೊಂಡ ಹಾಗೆ ಕಾಣ್ತಾನೆ. ಎಂಸಿಬಿ ಇರೋದು ವೈರ್ ಸುಡದ ಹಾಗೆ ಕಾಯೋಕೆ, ನಮ್ಮನ್ನ ಕಾಯೋಕೆ ಅಲ್ಲ.

ಸರಿ, ಅರ್ಥ್ ತಂತಿ ಇದ್ದು ಅರ್ಥ್ ಗುಂಡಿ ಒಣಗಿದ್ರೆ? ಗುಂಡಿಯ ರೆಸಿಸ್ಟೆನ್ಸ್ 20 ಓಮ್ ಅಂತಿಟ್ಕೊಳ್ಳಿ, ಬೇರೆದೆಲ್ಲ ಬಿಟ್ಟುಬಿಡೋಣ. ಗೀಸರ್ ಒಳಗೆ ಫೇಸ್ ಪೂರ್ತಿ ಬಾಡಿಗೆ ತಾಗಿದ್ರೂ ಹರಿಯೋದು 230 ಭಾಗಿಸು 20, ಅಂದ್ರೆ 11.5 ಆಂಪ್. 20 ಆಂಪ್ ಎಂಸಿಬಿ ಆಗಲೂ ಸುಮ್ಮನೆ ಕೂತಿರುತ್ತೆ, ಗೀಸರ್ ಬಾಡಿ ಹತ್ರತ್ರ 230 ವೋಲ್ಟ್‌ನಲ್ಲೇ ಇರುತ್ತೆ. ಸಿ ಟೈಪ್ ಎಂಸಿಬಿ ತಕ್ಷಣ ಬೀಳಬೇಕಾದ್ರೆ ತನ್ನ ರೇಟಿಂಗ್‌ನ 5ರಿಂದ 10 ಪಟ್ಟು ಕರೆಂಟ್ ಬೇಕು. 20 ಆಂಪ್‌ದಕ್ಕೆ ಕಡಿಮೆ ಅಂದ್ರೂ 100 ಆಂಪ್. ಅಷ್ಟು ಹರೀಬೇಕಾದ್ರೆ ಇಡೀ ದಾರಿಯ ರೆಸಿಸ್ಟೆನ್ಸ್ 2.3 ಓಮ್ ಒಳಗಿರಬೇಕು. ಉಪ್ಪು ಕರಗಿಹೋದ, ವರ್ಷಗಟ್ಟಲೆ ನೀರು ಕಾಣದ ಗುಂಡಿಯಿಂದ ಅದನ್ನ ನಿರೀಕ್ಷಿಸೋಕಾಗಲ್ಲ. ಅದೂ ನಮ್ಮ ಚಿತ್ರದುರ್ಗ, ಬಳ್ಳಾರಿ ಕಡೆ ಬೇಸಿಗೆಯಲ್ಲಿ. ಮಳೆಗಾಲದಲ್ಲಿ ಅಳೆದ ಅರ್ಥ್ ಏಪ್ರಿಲ್‌ನಲ್ಲಿ ಹಾಗೇ ಇರಲ್ಲ, ಅದಕ್ಕೇ ಆ ಆಲಿಕೆ. ವಾರಕ್ಕೊಂದ್ಸಲ ಒಂದು ಕೊಡ ನೀರು ಹುಯ್ಯೋ ಹಳೆ ಕಾಲದ ಅಜ್ಜಂದಿರು ಓಮ್ಸ್ ಲಾ ಓದಿರಲಿಲ್ಲ, ಆದ್ರೆ ಮಾಡಿದ್ದು ಅದನ್ನೇ.

ಹಾಗಾದ್ರೆ ನಮ್ಮನ್ನ ಕಾಯೋದು ಯಾವುದು? ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ನೋಡ್ತಾ ಇರುತ್ತೆ. ಕಿರ್ಚಾಫ್ ಹೇಳಿದ್ದೇ, ಡಬ್ಬಿಯಲ್ಲಿ ಹಾಕಿಟ್ಟಿದ್ದಾರೆ. ಮನೆಗೆ ಹಾಕೋದು 30 ಮಿಲಿಆಂಪ್‌ದು. ಅಷ್ಟು ವ್ಯತ್ಯಾಸ ಬಂದ್ರೆ ಕಣ್ಣು ಮಿಟುಕಿಸೋದ್ರೊಳಗೆ ಬೀಳುತ್ತೆ. ಅರ್ಥ್ ಸರಿ ಇದ್ರೆ ನೀವು ಮುಟ್ಟೋಕೆ ಮೊದಲೇ ಬೀಳುತ್ತೆ. ಅರ್ಥ್ ಇಲ್ಲದಿದ್ರೆ ನಿಮ್ಮ ಮೂಲಕ ಕರೆಂಟ್ ಹರಿದ ಮೇಲೆ ಬೀಳುತ್ತೆ, ಅಂದ್ರೆ ಒಂದು ಏಟು ತಿಂದೇ ತೀರಬೇಕು. ಆದ್ದರಿಂದ ಒಂದಿದ್ರೆ ಇನ್ನೊಂದು ಬೇಡ ಅನ್ನೋ ಹಾಗಿಲ್ಲ. ಅದರ ಮೇಲೆ 'ಟಿ' ಅಂತ ಬರೆದ ಪುಟ್ಟ ಬಟನ್ ಇರುತ್ತೆ. ಆಗಾಗ ಒತ್ತಿ ನೋಡಿ, ಬೀಳಬೇಕು. ಆದ್ರೆ ಆ ಬಟನ್ ಪರೀಕ್ಷೆ ಮಾಡೋದು ಆರ್‌ಸಿಸಿಬಿಯನ್ನ ಮಾತ್ರ, ಅರ್ಥ್‌ನ ಅಲ್ಲ. ಅರ್ಥ್ ಇಲ್ಲದ ಮನೆಯಲ್ಲೂ ಅದು ಬೀಳುತ್ತೆ.

ಎಂಸಿಬಿಗೆ ಕಾಣದ್ದು ಇನ್ನೊಂದಿದೆ: ಸಡಿಲ ಸ್ಕ್ರೂ. 2000 ವ್ಯಾಟ್ ಇಂಡಕ್ಷನ್ ಸ್ಟೌ ಸುಮಾರು 9 ಆಂಪ್ ಎಳೆಯುತ್ತೆ. ಸಾಕೆಟ್ ಒಳಗಿನ ಸ್ಕ್ರೂ ಲೂಸ್ ಆಗಿ ಅಲ್ಲಿ ಅರ್ಧ ಓಮ್ ರೆಸಿಸ್ಟೆನ್ಸ್ ಬಂತು ಅನ್ನಿ. ಐ ಸ್ಕ್ವೇರ್ ಆರ್ ಹಾಕಿದ್ರೆ 40 ವ್ಯಾಟ್. ಲ್ಯಾಬ್‌ನಲ್ಲಿ ನಾವು ಸೀಸ ಕರಗಿಸೋ ಸೋಲ್ಡರಿಂಗ್ ಐರನ್ ಬರೀ 25 ವ್ಯಾಟ್. ಅದಕ್ಕಿಂತ ಬಿಸಿಯಾದದ್ದು ಪ್ಲಾಸ್ಟಿಕ್ ಡಬ್ಬಿಯೊಳಗೆ, ಪರದೆ ಪಕ್ಕ ಕೂತಿರುತ್ತೆ, ಎಂಸಿಬಿಗೆ ಸುದ್ದಿಯೇ ಇರಲ್ಲ. ಪ್ಲಗ್ ಪಿನ್ ಕಂದು ಬಣ್ಣಕ್ಕೆ ತಿರುಗಿದ್ರೆ, ಸಾಕೆಟ್ ಮುಟ್ಟಿದ್ರೆ ಬಿಸಿ ಅನ್ನಿಸಿದ್ರೆ, ಮೀನು ಕೊಳೆತಂಥ ಅಥವಾ ಸುಟ್ಟ ವಾಸನೆ ಬಂದ್ರೆ ಅವತ್ತೇ ಆ ಪಾಯಿಂಟ್ ಬಳಸೋದು ನಿಲ್ಲಿಸಿ.

ಈಗ ಎಲೆಕ್ಟ್ರಿಷಿಯನ್ ವಿಷಯ. ಕಾನೂನಿನ ಪ್ರಕಾರ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಇವನ್ನ ಇದ್ದ ಹಾಗೇ ಬದಲಾಯಿಸೋದು ಬಿಟ್ಟು, ಹೊಸ ಲೈನ್ ಎಳೆಯೋದು, ಪಾಯಿಂಟ್ ಸೇರಿಸೋದು, ವೈರಿಂಗ್ ಬದಲಾಯಿಸೋದು ಲೈಸೆನ್ಸ್ ಇರೋ ಕಂಟ್ರಾಕ್ಟರ್ ಕಡೆಯಿಂದ, ಪರ್ಮಿಟ್ ಇರೋರಿಂದಲೇ ಆಗಬೇಕು. ಕರ್ನಾಟಕದಲ್ಲಿ ಇವನ್ನ ಕೊಡೋದು ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯ. ಬೀದಿಯಲ್ಲಿ ಸಿಗೋರಲ್ಲಿ ಎಲ್ಲರ ಹತ್ರಾನೂ ಕಾರ್ಡ್ ಇರಲ್ಲ ಅನ್ನೋದು ನಮಗೂ ಗೊತ್ತು, ನಿಮಗೂ ಗೊತ್ತು. ಆದ್ರೂ ಕೇಳಿ. "ಅಣ್ಣಾ, ವೈರ್‌ಮನ್ ಪರ್ಮಿಟ್ ಇದೆಯಾ?" ಅಂದ್ರೆ ಇರೋರು ಖುಷಿಯಿಂದ ತೋರಿಸ್ತಾರೆ. ನಮ್ಮ ಮನೆಗೆ ಬಂದ ಎರಡನೇ ಅಣ್ಣ ಪರ್ಸ್‌ನಿಂದ ತೆಗೆದು ತೋರಿಸಿ, "ಇದನ್ನ ಯಾರೂ ಕೇಳೋದೇ ಇಲ್ಲ ಮಾರಾಯ್ರೇ, ರೇಟ್ ಮಾತ್ರ ಕೇಳ್ತಾರೆ" ಅಂದ್ರು.

ಒಳ್ಳೆಯವರನ್ನ ಹುಡುಕೋಕೆ ನಮಗೆ ಸಿಕ್ಕ ಸುಲಭ ದಾರಿ ಏರಿಯಾದ ಎಲೆಕ್ಟ್ರಿಕಲ್ ಅಂಗಡಿ. ದಿನಾ ಯಾರು ಒಳ್ಳೆ ವೈರ್ ತಗೊಳ್ತಾರೆ, ಯಾರು "ಇರೋದ್ರಲ್ಲಿ ಕಮ್ಮಿದು ಕೊಡಿ" ಅಂತಾರೆ ಅನ್ನೋದು ಅಂಗಡಿಯವರಿಗೆ ಗೊತ್ತು. ಬಂದ ಮೇಲೆ ಅವರ ಕೈ ನೋಡಿ. ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಆಮೇಲೆ ಮುಟ್ತಾರಾ? ಆಫ್ ಮಾಡೋ ಮುಂಚೆ ಆ ಟೆಸ್ಟರ್ ಕೆಲಸ ಮಾಡುತ್ತಾ ಅಂತ ಲೈವ್ ಪಾಯಿಂಟ್‌ನಲ್ಲಿ ನೋಡಿಕೊಳ್ಳೋರು ಸಿಕ್ಕಿದ್ರೆ ನಂಬರ್ ಸೇವ್ ಮಾಡ್ಕೊಳ್ಳಿ. ಕೂಲಿ ಮೊದಲೇ ಮಾತಾಡಿ, ಸಾಮಾನು ಐಎಸ್‌ಐ ಮಾರ್ಕ್ ನೋಡಿ ನೀವೇ ತನ್ನಿ, ಬಿಲ್ ಇಟ್ಕೊಳ್ಳಿ, ಓನರ್ ಹತ್ರ ಬೇಕಾಗುತ್ತೆ. ಗೀಸರ್‌ಗೆ ಸಾಮಾನ್ಯವಾಗಿ 4 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕ್ತಾರೆ, 16 ಆಂಪ್ ಪವರ್ ಪಾಯಿಂಟ್‌ಗೆ 2.5, ಲೈಟಿಗೆ 1 ಅಥವಾ 1.5.

ಮೂರು ಮಾತು ಅವರ ಬಾಯಲ್ಲಿ ಬಂದ್ರೆ ಮಾತ್ರ ಕೆಲಸ ಅಲ್ಲಿಗೇ ನಿಲ್ಲಿಸಿ. "ಎಂಸಿಬಿ ಪದೇ ಪದೇ ಬೀಳ್ತಿದೆ, 32ರದ್ದು ಹಾಕಿಬಿಡೋಣ" ಅನ್ನೋದು ಒಂದು. ವೈರ್ ತೆಳ್ಳಗೇ ಇದ್ದು ಎಂಸಿಬಿ ದೊಡ್ಡದಾದ್ರೆ ಮೊದಲು ಸುಡೋದು ವೈರ್. "ಆರ್‌ಸಿಸಿಬಿ ಸುಮ್ಸುಮ್ನೆ ಟ್ರಿಪ್ ಆಗುತ್ತೆ, ಬೈಪಾಸ್ ಮಾಡ್ತೀನಿ" ಅನ್ನೋದು ಇನ್ನೊಂದು. ಅದು ಸುಮ್ಸುಮ್ನೆ ಬೀಳೋದು ಕಡಿಮೆ, ಎಲ್ಲೋ ಲೀಕ್ ಇರುತ್ತೆ. ಒಂದೊಂದೇ ಪ್ಲಗ್ ಕಿತ್ತು ಹುಡುಕಬೇಕು, ಅದಕ್ಕೆ ತಾಳ್ಮೆ ಬೇಕು ಅಷ್ಟೇ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: "ಅರ್ಥ್ ಇಲ್ವಾ? ನ್ಯೂಟ್ರಲ್‌ನಿಂದ ಒಂದು ತುಂಡು ವೈರ್ ಕೊಟ್ಟುಬಿಡ್ತೀನಿ." ಸಾಕೆಟ್ ಒಳಗೇ ನ್ಯೂಟ್ರಲ್‌ಗೂ ಅರ್ಥ್ ಪಿನ್‌ಗೂ ಗಂಟು. ಟೆಸ್ಟ್ ಲ್ಯಾಂಪ್ ಇಟ್ಟು ನೋಡಿದ್ರೆ ಝಗ್ ಅಂತ ಹತ್ತುತ್ತೆ, ಎಲ್ಲ ಸರಿ ಅನ್ನಿಸುತ್ತೆ. ಆದ್ರೆ ಎಲ್ಲೋ ಹಿಂದೆ ನ್ಯೂಟ್ರಲ್ ಕಡಿದುಹೋಯ್ತು ಅನ್ನಿ. ಆಗ ಫೇಸ್ ಗೀಸರ್ ಕಾಯಿಲ್ ಮೂಲಕ ನ್ಯೂಟ್ರಲ್ ತುದಿಗೆ, ಅಲ್ಲಿಂದ ಆ ತುಂಡು ವೈರ್ ಮೂಲಕ ನೇರ ಗೀಸರ್ ಬಾಡಿಗೆ. ಗೀಸರ್ ಕೆಟ್ಟೇ ಇರಲ್ಲ, ಆದ್ರೂ ಮೈಯೆಲ್ಲ 230 ವೋಲ್ಟ್. ಇದನ್ನ ಹಿಡಿಯೋಕೆ ಮೇನ್ ಆಫ್ ಮಾಡಿಸಿ ಸಾಕೆಟ್ ಬಿಚ್ಚಿಸಿ ನೋಡೋದೇ ದಾರಿ.

ಲ್ಯಾಬ್‌ನಿಂದ ಮಲ್ಟಿಮೀಟರ್ ತಂದು ಫೇಸ್ ಮತ್ತು ಅರ್ಥ್ ಮಧ್ಯೆ ಅಳೀತೀವಿ ಅನ್ನೋರಿಗೂ ಒಂದು ಮಾತು. ಡಿಜಿಟಲ್ ಮೀಟರ್‌ನ ಒಳಗಿನ ರೆಸಿಸ್ಟೆನ್ಸ್ ಮೆಗಾಓಮ್‌ಗಳಲ್ಲಿ ಇರುತ್ತೆ. ಅದರ ಮುಂದೆ ನಿಮ್ಮ ಅರ್ಥ್ 2 ಓಮ್ ಇದ್ರೂ 500 ಓಮ್ ಇದ್ರೂ ರೀಡಿಂಗ್ 230ರ ಹತ್ರಾನೇ ಬರುತ್ತೆ. ಹಳೆ ಎಲೆಕ್ಟ್ರಿಷಿಯನ್‌ಗಳು 100 ವ್ಯಾಟ್ ಬಲ್ಬ್ ಇಟ್ಟು ನೋಡ್ತಿದ್ದದ್ದು ಇದಕ್ಕೇ, ಅರ್ಥ್ ಕೆಟ್ಟಿದ್ರೆ ಬಲ್ಬ್ ಮಂಕಾಗುತ್ತೆ. ಹಾಗಂತ ನೀವು ಮಾಡೋಕೆ ಹೋಗ್ಬೇಡಿ. ಅರ್ಥ್ ಕೆಟ್ಟಿರೋವಾಗ ಆ ಟೆಸ್ಟ್ ನಡೆಯೋ ಹೊತ್ತು ಮನೆಯ ಉಳಿದ ಅರ್ಥ್ ತಂತಿಗಳಲ್ಲೂ ವೋಲ್ಟೇಜ್ ಬರುತ್ತೆ, ಆ ಕ್ಷಣಕ್ಕೇ ಯಾರಾದ್ರೂ ಫ್ರಿಡ್ಜ್ ಬಾಗಿಲು ತೆಗೀಬಹುದು. ಸರಿಯಾಗಿ ಅಳೆಯೋಕೆ ಅರ್ಥ್ ಟೆಸ್ಟರ್ ಅಂತಾನೇ ಬೇರೆ ಉಪಕರಣ ಇದೆ, ಕಂಟ್ರಾಕ್ಟರ್‌ಗಳ ಹತ್ರ ಇರುತ್ತೆ.

ನೀರು ಕಾಯಿಸೋ ರಾಡ್ ಬಗ್ಗೆ ಹೇಳದೆ ಇದ್ರೆ ಈ ಲೇಖನ ಅರ್ಧ. ಗೀಸರ್ ಇಲ್ಲದ ಮನೆಗಳಲ್ಲಿ ಎಲ್ಲರ ಹತ್ರಾನೂ ಒಂದಿದೆ. 1500 ವ್ಯಾಟ್ ರಾಡ್ 6.5 ಆಂಪ್ ಎಳೆಯುತ್ತೆ. ಮೊಬೈಲ್ ಚಾರ್ಜ್ ಮಾಡೋ ಎಕ್ಸ್‌ಟೆನ್ಷನ್ ಬಾಕ್ಸ್ 6 ಆಂಪ್‌ದು. ಹಾಗಾಗಿ 16 ಆಂಪ್ ಪಾಯಿಂಟ್‌ಗೇ ಹಾಕಿ. ಪ್ಲಾಸ್ಟಿಕ್ ಬಕೆಟ್ ಇರಲಿ. ನೀರು ಕಾದಿದೆಯಾ ಅಂತ ಬೆರಳು ಅದ್ದೋ ಮುಂಚೆ ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ ಕೀಳಿ. ಸ್ವಿಚ್ಚನ್ನ ಫೇಸ್ ಬದಲು ನ್ಯೂಟ್ರಲ್‌ಗೆ ಕೊಟ್ಟಿರೋ ಮನೆಗಳಿವೆ, ಅಲ್ಲಿ ಸ್ವಿಚ್ ಆಫ್ ಆದ್ರೂ ರಾಡ್‌ನಲ್ಲಿ ಫೇಸ್ ಇರುತ್ತೆ.

ಯಾರಿಗಾದ್ರೂ ಕರೆಂಟ್ ಹಿಡ್ಕೊಂಡ್ರೆ ಅವರನ್ನ ಮುಟ್ಟಬೇಡಿ. ಮೊದಲು ಮೇನ್ ಆಫ್. ಅದು ಆಗದಿದ್ರೆ ಒಣಗಿದ ಮರದ ಕೋಲಿನಿಂದ ತಳ್ಳಿ, ಆಮೇಲೆ 108ಕ್ಕೆ ಫೋನ್ ಮಾಡಿ. ಕಂಬದಿಂದ ಬರೋ ಸರ್ವಿಸ್ ವೈರ್, ಮೀಟರ್ ಕಡೆಯ ತೊಂದರೆಗೆ 1912. ಅದನ್ನ ಯಾವ ಎಲೆಕ್ಟ್ರಿಷಿಯನ್ ಅಣ್ಣನೂ ಮುಟ್ಟೋ ಹಾಗಿಲ್ಲ.

ನಮ್ಮ ಮನೆಯ ಕತೆ ಹೇಳ್ಬೇಕಂದ್ರೆ, ಹಸಿರು ತಂತಿ ಸಾಕೆಟ್‌ಗೆ ಸೇರಿತು, ಮನೆ ಹಿಂದೆ ಕಸದ ಕೆಳಗಿದ್ದ ಅರ್ಥ್ ಗುಂಡಿ ಸಿಕ್ಕಿತು, ಲೀಕ್ ಆಗ್ತಿದ್ದ ಗೀಸರ್ ಕಾಯಿಲ್ ಓನರ್ ಹಾಕಿಸಿಕೊಟ್ರು. ಆರ್‌ಸಿಸಿಬಿಗೆ ಮಾತ್ರ ದುಡ್ಡು ಕೊಡಲ್ಲ ಅಂದ್ರು. ಒಳ್ಳೆ ಕಂಪನಿಯದು ಸುಮಾರು ಎರಡು ಸಾವಿರ, ನಾಲ್ವರಿಗೆ ತಲೆಗೆ ಐನೂರು. ಹಾಕಿಸಿದ ಮೂರನೇ ದಿನವೇ ಅದು ಬಿತ್ತು. ಒಂದೊಂದೇ ಪ್ಲಗ್ ಕಿತ್ತು ನೋಡಿದ್ರೆ ಹಳೇ ಇಸ್ತ್ರಿಪೆಟ್ಟಿಗೆ. ವಾರಕ್ಕೆರಡು ಸಲ ಬರಿಗಾಲಲ್ಲಿ ನಿಂತು ಎಲ್ಲರೂ ಶರ್ಟ್ ಇಸ್ತ್ರಿ ಮಾಡ್ತಿದ್ದದ್ದು ಅದರಲ್ಲೇ.